ಅಪ್ಪನ ಗಾಡಿಯ ಚೈನು, ನನ್ನ ಕಿವಿ

ಸೀಮೆಎಣ್ಣೆಯಲ್ಲಿ ನೆನೆದ ಹಳೆಯ ಗ್ರೀಸಿಗೆ ಒಂದು ವಾಸನೆಯಿದೆ. ಅದನ್ನು ಪರಿಮಳ ಎಂದರೆ ನೀವು ನಗಬಹುದು, ಆದರೆ ನನಗೆ ಮಲ್ಲಿಗೆಗಿಂತ ಮೊದಲು ಪರಿಚಯವಾದದ್ದು ಅದೇ. ಕಳೆದ ವಾರ ಶಿವಮೊಗ್ಗದ ದುರ್ಗಿಗುಡಿಯ ಒಂದು ಗ್ಯಾರೇಜಿನ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಪ್ಪನ ಗಾಡಿಯ ಚೈನು ತೋರಿಸಲು ಹೋಗಿದ್ದೆ. ಅಪ್ಪ ಹೋಗಿ ಐದು ವರ್ಷವಾಯಿತು. ಗಾಡಿ ನನ್ನ ಹತ್ತಿರವೇ ಇದೆ, ಶಾಲೆಗೆ ಅದರಲ್ಲೇ ಹೋಗುತ್ತೇನೆ. ನಲವತ್ತಾರರ ಮೇಡಂ ಸ್ಕೂಟರ್ ಬಿಟ್ಟು ಇಂಥ ಮುದಿ ಬೈಕಿನಲ್ಲಿ ಬರುವುದನ್ನು ಕಂಡು ಮಕ್ಕಳಿಗೆ ಮೊದಮೊದಲು ನಗು ಬರುತ್ತಿತ್ತು, ಈಗ ಅವರಿಗೂ ಅಭ್ಯಾಸವಾಗಿದೆ. ಮೆಕ್ಯಾನಿಕ್ ಸೆಲ್ವರಾಜ್ ಐವತ್ತೈದು ದಾಟಿದವರು, ನಾನು ಅವರ ಹತ್ತಿರ ಹೋದದ್ದು ಅದೇ ಮೊದಲು. ಚೈನ್ ಕವರಿನ ರಬ್ಬರ್ ಬಿರಡೆ ಕಿತ್ತು, ಒಳಗೆ ಬೆರಳು ತೂರಿಸಿ ಒತ್ತಿ ನೋಡಿ, "ಟೈಟ್ ಮಾಡೋಕೆ ಏನೂ ಉಳಿದಿಲ್ಲ ಮೇಡಂ! ಸೆಟ್ಟೇ ಹೋಗಿದೆ! ಚೈನು, ಎರಡೂ ಹಲ್ಲುಚಕ್ರ, ಎಲ್ಲಾ ಹೊಸದು ಹಾಕ್ಬೇಕು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. "ಅವರು ಗುಟ್ಟು ಹೇಳಿದ್ರೂ ಬಸ್‌ಸ್ಟ್ಯಾಂಡಿಗೆ ಕೇಳ್ಸುತ್ತೆ ಮೇಡಂ," ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನು ನಕ್ಕ. ಬೀದಿಯ ಗಲಾಟೆಗೆ ಹಾಗೆ ಕೂಗುತ್ತಾರೆ ಅಂದುಕೊಂಡೆ. ಅವರು ಕವರ್ ಬಿಚ್ಚಿ, ಚೈನಿನ ಎರಡು ತುದಿ ಕೂಡಿಸುವ ಲಾಕ್ ಹುಡುಕಲೆಂದು ಬ್ರಷ್ಷಿನಲ್ಲಿ ಸೀಮೆಎಣ್ಣೆ ಬಳಿದರು. ಅಷ್ಟಕ್ಕೇ ನಾನು ದುರ್ಗಿಗುಡಿಯಲ್ಲಿ ಇರಲಿಲ್ಲ, ಹತ್ತು ವರ್ಷದ ಹುಡುಗಿಯಾಗಿ ಕಾಗದನಗರದ ನಮ್ಮ ಹಿತ್ತಿಲಿನಲ್ಲಿದ್ದೆ.

ಭದ್ರಾವತಿಯ ಕಾಗದದ ಕಾರ್ಖಾನೆಯವರಿಗಾಗಿ ಕಟ್ಟಿದ ಕ್ವಾರ್ಟರ್ಸು ನಮ್ಮದು. ಒಂದೇ ಅಚ್ಚಿನ ಮನೆಗಳ ಸಾಲು, ಒಂದೇ ಬಣ್ಣದ ಬಾಗಿಲು. ಕತ್ತಲಲ್ಲಿ ಬೇರೆಯವರ ಮನೆಗೆ ನುಗ್ಗಿ ನೀರು ಕೇಳಿದವರ ಕಥೆ ಪ್ರತಿ ಸಾಲಿಗೊಂದಿತ್ತು. ಹೊರಗಿನವರು ಬಸ್ಸಿಳಿದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಬಿದಿರು ಬೆಂದ ಆ ಹುಳಿ ಗಾಳಿ ನಮಗೆ ಮಾತ್ರ ಮನೆ ಹತ್ತಿರ ಬಂತು ಎಂಬುದರ ಗುರುತು. ನಮ್ಮ ಇನ್ನೊಂದು ಗುರುತು ಗಂಟಲು. ಮೆಷಿನ್ ಹೌಸಿನಲ್ಲಿ ಎಂಟು ಗಂಟೆ ದುಡಿದು ಬಂದವರು ಮನೆಯಲ್ಲೂ ಅದೇ ಎತ್ತರದ ದನಿಯಲ್ಲಿ ಉಪ್ಪು ಕೇಳುತ್ತಿದ್ದರು, ಅವರಿಗೆ ಉತ್ತರ ಕೊಟ್ಟೂ ಕೊಟ್ಟೂ ಹೆಂಡಿರು ಮಕ್ಕಳ ದನಿಯೂ ಏರಿತ್ತು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿದ್ದ ನನ್ನ ಅಜ್ಜಿ ನಮ್ಮ ಮನೆಗೆ ಬಂದ ಮೊದಲ ದಿನವೇ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆಂದು ಹೆದರಿ ಮೂಲೆಯಲ್ಲಿ ಕೂತು ಅತ್ತಿದ್ದಳಂತೆ. ಅವರು ಮಾತಾಡುತ್ತಿದ್ದದ್ದು ಅವಳಿಗೆ ಯಾವ ಪಲ್ಯ ಮಾಡಬೇಕೆಂಬುದರ ಬಗ್ಗೆ.

ಕೂಗಿದರೂ ಕೇಳದ ಜಾಗದಲ್ಲಿ ಮೆಷಿನ್ ಹೌಸಿನವರು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರು. ಹಾಗಾಗಿ ಕಾಗದನಗರದ ಮಕ್ಕಳು ಗುಟ್ಟು ಹೇಳುವಾಗ ಪಿಸುಗುಟ್ಟಿದರೆ ಸಾಲದು, ಬಾಯಿಗೆ ಕೈ ಅಡ್ಡ ಹಿಡಿಯಬೇಕಿತ್ತು. ಅಲ್ಲದೆ ಅವರಿಗೆ ಕೈಭಾಷೆಯೂ ಇತ್ತು. ಮೆಷಿನ್ ರಿಪೇರಿಯಾದ ಮೇಲೆ ಪರೀಕ್ಷೆ ಮಾಡಿ ನೋಡಿದವನು ಅಂಗೈ ಬಿಡಿಸಿ ಎದೆಯ ಎತ್ತರಕ್ಕೆ ಎತ್ತಿದರೆ 'ಸರಿಯಿದೆ, ಓಡಲಿ' ಎಂದರ್ಥ. ಮುಷ್ಟಿ ಕಟ್ಟಿದರೆ 'ನಿಲ್ಲಿಸು'. ಅಂಗೈ ಕಂಡವನು ಅಂಗೈಯನ್ನೇ ಎತ್ತಿ ಉತ್ತರ ಕೊಡಬೇಕು, ಆಮೇಲೇ ಸ್ವಿಚ್ಚು. "ಸುಳ್ಳು ಬೇಕಾದ್ರೆ ಬಾಯಲ್ಲಿ ಹೇಳು ಪುಟ್ಟಿ, ಬೈದು ಬಿಡ್ತೀನಿ. ಕೈಯಲ್ಲಿ ಮಾತ್ರ ಹೇಳ್ಬೇಡ. ಇನ್ನೊಬ್ಬನ ಕೈ ರೋಲರ್ ಒಳಗೆ ಇರುತ್ತೆ," ಎಂದು ಅಪ್ಪ ನನಗೆ ಅಕ್ಷರಾಭ್ಯಾಸದಷ್ಟೇ ಶ್ರದ್ಧೆಯಿಂದ ಕಲಿಸಿದ್ದರು. ನಮ್ಮ ಮನೆಯ ಧರ್ಮಶಾಸ್ತ್ರವೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ಅಪ್ಪ ಫಿಟ್ಟರ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಒಳಗೆ ಯಾವ ಗುಂಡು ಸವೆದಿದೆ ಎಂದು ಹೇಳುವುದರಲ್ಲಿ ಅವರಿಗೆ ಹೆಸರಿತ್ತು. ಆ ಹೆಸರೇ ಅವರ ಕಿವಿಗೆ ಮುಳುವಾಯಿತು. ಕಿವಿಗೆ ತುರುಕಿಕೊಳ್ಳಲು ಕೆಲಸದ ಜಾಗದಲ್ಲಿ ಹತ್ತಿ ಕೊಡುತ್ತಿದ್ದರು, ಅಪ್ಪ ಅದನ್ನು ತಂದು ಅಮ್ಮನಿಗೆ ದೀಪದ ಬತ್ತಿಗೆ ಕೊಡುತ್ತಿದ್ದರು. "ಹತ್ತಿ ಇಟ್ಕೊಂಡ್ರೆ ಬೇರಿಂಗ್ ಮಾತು ಹೆಂಗೆ ಕೇಳ್ಸುತ್ತೆ?" ಎನ್ನುವುದು ಅವರ ವಾದ. ನಮ್ಮ ದೇವರ ಮುಂದೆ ವರ್ಷಗಟ್ಟಲೆ ಉರಿದದ್ದು ಅಪ್ಪನ ಕಿವಿಯೇ ಎಂದು ಈಗ ಅನ್ನಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಅವರಿಗೆ ಕೇಳಿಸುವುದು ಕಡಿಮೆಯಾಯಿತು. ಒಪ್ಪಿಕೊಂಡರೆ ತಾನೇ? ಎಲ್ಲರೂ ನಕ್ಕಾಗ ನಗುತ್ತಿದ್ದರು, ಅರ್ಧ ಕೇಳಿದ್ದಕ್ಕೆ ಪೂರ್ತಿ ತಲೆಯಾಡಿಸುತ್ತಿದ್ದರು, ಬೆನ್ನ ಹಿಂದೆ ಕರೆದರೆ ಯಾವುದೋ ಯೋಚನೆಯಲ್ಲಿದ್ದೆ ಎನ್ನುತ್ತಿದ್ದರು.

ಅವರ ಗುಟ್ಟು ನನಗೆ ತಿಳಿದದ್ದು ಚೈನಿನಿಂದ. ವಾರದ ರಜೆ ಭಾನುವಾರ. ಬೆಳಿಗ್ಗೆ ತಿಂಡಿಯಾದ ಮೇಲೆ ಅಪ್ಪ ಗಾಡಿಯನ್ನು ಹಿತ್ತಿಲಿನ ಸೀಬೆಮರದ ಕೆಳಗೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅಮ್ಮನ ಅಡುಗೆಮನೆಯಿಂದ ಮಣೆ ಕದ್ದು ತಂದು ಹಿಂದಿನ ಚಕ್ರದ ಪಕ್ಕ ಕೂರುತ್ತಿದ್ದರು. ಆ ಗಾಡಿಯ ಚೈನು ಪೂರ್ತಿ ತಗಡಿನ ಕವರಿನ ಒಳಗಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಬಿರಡೆ ತೆಗೆದು ತೂತಿನಲ್ಲಿ ಬೆರಳಿಟ್ಟು ಮೇಲಕ್ಕೆ ಕೆಳಕ್ಕೆ ಆಡಿಸಿ ಎಷ್ಟು ಸಡಿಲವಿದೆ ನೋಡಬೇಕು; ಚಕ್ರ ಒಂದಿಷ್ಟು ತಿರುಗಿಸಿ ಮತ್ತೆ ನೋಡಬೇಕು, ಯಾಕೆಂದರೆ ಚೈನು ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ. ಆಮೇಲೆ ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸಿ ಬಿಟ್ಟು ಕಿವಿಗೊಡಬೇಕು. ಸಡಿಲಾದ ಚೈನು ತಗಡಿಗೆ ಬಡಿದು ಕಟಕಟ ಎನ್ನುತ್ತದೆ, ಒಂದು ಕೊಂಡಿ ಕೆಟ್ಟಿದ್ದರೆ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ಬೆರಳಿನ ಕೆಲಸ ಅಪ್ಪನದು. ಕಿವಿಯ ಕೆಲಸಕ್ಕೆ, "ಪುಟ್ಟಿ, ಬಾ ಕೇಳು. ನಿನ್ನ ಕಿವಿ ಎಳೇದು," ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಲಂಗ ಮಡಚಿಕೊಂಡು ಕೂತು, ಕಣ್ಣು ಮುಚ್ಚಿ ಕೇಳಿ, ಅಂಗೈಯನ್ನೋ ಮುಷ್ಟಿಯನ್ನೋ ಎತ್ತುತ್ತಿದ್ದೆ. ಅಪ್ಪ ಗಂಭೀರವಾಗಿ ಅಂಗೈ ಎತ್ತಿ ಉತ್ತರ ಕೊಡುತ್ತಿದ್ದರು. ದೊಡ್ಡವರ ಜಗತ್ತಿನಲ್ಲಿ ನನ್ನ ಮಾತಿಗೆ ಬೆಲೆಯಿದ್ದ ಜಾಗ ಅದೊಂದೇ. ಒಂದು ದಿನ ಮುಷ್ಟಿ ಎತ್ತುವುದು ತಡವಾಯಿತು. ಚೈನು ಕಟಕಟ ಎನ್ನುತ್ತಲೇ ಇತ್ತು, ಅಪ್ಪ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಅಪ್ಪನಿಗೆ ಕೇಳಿಸುತ್ತಿಲ್ಲ ಎಂದು ಆಗ ಗೊತ್ತಾಯಿತು. ನಾನು ಯಾರಿಗೂ ಹೇಳಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ಕೂಡ.

ಅಮ್ಮನಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಅದೇ ಸೀಬೆಮರದಿಂದ ನಾನು ಬಿದ್ದೆ. ಅವತ್ತು ಗಾಡಿಯನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸಿಕೊಂಡು ಅಪ್ಪ ನನಗೆ ಬೆನ್ನು ಹಾಕಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನಾನು ಅಪ್ಪಾ ಎಂದು ಕಿರುಚಿದೆ, ಪಕ್ಕದ ಸಾಲಿನವರು ಓಡಿ ಬಂದರು, ಅಪ್ಪ ಹಾಡು ಗುನುಗುತ್ತ ಎಣ್ಣೆ ಬಿಡುತ್ತಲೇ ಇದ್ದರು. ಅಡುಗೆಮನೆಯ ಕಿಟಕಿಯಿಂದ ಅಮ್ಮ ಎಲ್ಲವನ್ನೂ ನೋಡಿದಳು. ಆ ಸಂಜೆ ಅವಳು ಕೂಗಲಿಲ್ಲ, ಅಪ್ಪನ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ, "ರೀ, ದುರ್ಗಿಗುಡೀಲಿ ಕಿವಿ ಡಾಕ್ಟರ್ ಇದ್ದಾರಂತೆ. ಹೋಗೋಣ," ಎಂದಳು. ಅಪ್ಪ ಆಯಿತು ಎಂದರು. ಮೊದಲ ಸಲ ಹೊರಡುವಾಗ ಶಿಫ್ಟ್ ಬದಲಾಯಿತು. ಎರಡನೆಯ ಸಲ ಟೈರು ಪಂಕ್ಚರ್. ಮೂರನೆಯ ಸಲ ಸೊಂಟ ಹಿಡಿಯಿತು. "ಕಳ್ಳಂಗೊಂದು ಪಿಳ್ಳೆ ನೆವ," ಎಂದು ಅಮ್ಮ ಸಿಡುಕಿದಳು, ಆದರೆ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನಾನು ಮರದಿಂದ ಬಿದ್ದಿದ್ದಕ್ಕೇ ಇದೆಲ್ಲ ಆಗುತ್ತಿದೆ, ಅಪ್ಪನ ಕಿವಿ ಸರಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಕೊಂಡಿದ್ದೆ.

ನಾಲ್ಕನೆಯ ಸಲ, ಒಂದು ಸೋಮವಾರ. ಅಪ್ಪ ರಜೆ ಹಾಕಿದ್ದರು, ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು, ನನಗೂ ಶಾಲೆ ತಪ್ಪಿಸಿ ಎರಡು ಜಡೆ ಹೆಣೆದಿದ್ದಳು. ಹೊರಡುವ ಹೊತ್ತಿಗೆ ಅಪ್ಪ, "ಒಂದು ನಿಮಿಷ, ಚೈನ್ ನೋಡ್ಬಿಡ್ತೀನಿ," ಎಂದರು. ಅಮ್ಮ ತುಟಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಳು. ಅಪ್ಪ ಬೆರಳಿಟ್ಟು ನೋಡಿದರು, ಎರಡು ಸಲ, ಮೂರು ಸಲ. ಆಮೇಲೆ ಚಕ್ರ ತಿರುಗಿಸಿ, "ಕೇಳು ಪುಟ್ಟಿ," ಎಂದರು. ಟಕ್. ಸುತ್ತಿಗೊಮ್ಮೆ, ಸ್ಪಷ್ಟವಾಗಿ, ಟಕ್. ಮುಷ್ಟಿ ಎತ್ತಿದರೆ ಅಪ್ಪ ಅಂಗಿ ಕಳಚಿ ಕವರ್ ಬಿಚ್ಚುತ್ತಾರೆ, ಸಂಜೆಯವರೆಗೂ ಸೀಮೆಎಣ್ಣೆಯಲ್ಲಿ ಕೈ ಅದ್ದಿ ಕೂರುತ್ತಾರೆ, ಅಮ್ಮ ಸೀರೆ ಬದಲಿಸಿ ಒಲೆಯ ಮುಂದೆ ಹೋಗುತ್ತಾಳೆ. ಇನ್ನು ಐದನೆಯ ಸಲ ಎಂಬುದು ಇರುವುದಿಲ್ಲ. ನಾನು ಅಮ್ಮನ ಮುಖ ನೋಡಿದೆ, ಅಪ್ಪನ ಮುಖ ನೋಡಿದೆ, ಅಂಗೈ ಬಿಡಿಸಿ ಎದೆಯ ಎತ್ತರಕ್ಕೆ ಎತ್ತಿದೆ. ಅಪ್ಪ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದರು. ಆಮೇಲೆ ತಮ್ಮ ಅಂಗೈ ಎತ್ತಿದರು.

ನಾನು ಇಬ್ಬರ ನಡುವೆ ಕೂತಿದ್ದೆ, ಅಮ್ಮ ಒಂದು ಬದಿಗೆ ಕಾಲಿಳಿಸಿ ಹಿಂದೆ. ಊರು ದಾಟುವವರೆಗೂ ಗಾಡಿ ಸುಮ್ಮನಿತ್ತು, ಆಮೇಲೆ ಕಾಲಿನ ಕೆಳಗಿನಿಂದ ಆ ಟಕ್ ಶುರುವಾಯಿತು, ವೇಗ ಏರಿದಂತೆ ಹತ್ತಿರ ಹತ್ತಿರವಾಯಿತು. ಅಪ್ಪನ ಬೆನ್ನು ಬಡಿಯಲು ಎರಡು ಸಲ ಕೈ ಎತ್ತಿದೆ. ಬಡಿದರೆ ಗಾಡಿ ನಿಲ್ಲುತ್ತದೆ, ಸುಳ್ಳು ಹೊರಗೆ ಬರುತ್ತದೆ. ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ ಎಂದು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ದಾರಿಯ ನಡುವಿನ ಮಲವಗೊಪ್ಪ ಇನ್ನೂ ಬಂದಿರಲಿಲ್ಲ, ಚೈನು ಹರಿಯಿತು. ಹರಿದ ತುದಿ ಕವರಿನ ಒಳಗೆ ಸಿಕ್ಕಿಕೊಂಡು ಹಿಂದಿನ ಚಕ್ರ ಕಚ್ಚಿ ನಿಂತಿತು, ಗಾಡಿ ಜಾರಿ ರಸ್ತೆ ಬದಿಯ ಮಣ್ಣಿಗೆ ಮಲಗಿತು. ನನಗೆ ಮೊಣಕಾಲು ತರಚಿತು, ಅಪ್ಪನಿಗೆ ಅಷ್ಟೂ ಆಗಲಿಲ್ಲ. ಅಮ್ಮ ಬಲಗೈ ಊರಿ ಬಿದ್ದಿದ್ದಳು, ಮಣಿಕಟ್ಟು ಇರಬಾರದ ಕಡೆಗೆ ಬಾಗಿತ್ತು. ಅವಳು ಆ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ಮಗು ನೋಡಿ, ಮೊದ್ಲು ಮಗು ನೋಡಿ," ಎನ್ನುತ್ತಿದ್ದಳು. ಅಪ್ಪನಿಗೆ ಅವಳ ತುಟಿ ಕಾಣುತ್ತಿರಲಿಲ್ಲ.

ಯಾರದೋ ಅಡಿಕೆ ಸಾಗಿಸುವ ವ್ಯಾನಿನಲ್ಲಿ ಶಿವಮೊಗ್ಗ ಮುಟ್ಟಿದೆವು. ಕಿವಿ ಡಾಕ್ಟರ ಹತ್ತಿರ ಹೋಗಬೇಕಿದ್ದವರು ಮೂಳೆ ಡಾಕ್ಟರ ಹತ್ತಿರ ಹೋದೆವು. ಅಮ್ಮನ ಕೈ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಇವತ್ತಿಗೂ ರೊಟ್ಟಿ ತಟ್ಟುವಾಗ ಅವಳ ಮಣಿಕಟ್ಟು ಸ್ವಲ್ಪ ವಾರೆಯಾಗಿ ತಿರುಗುತ್ತದೆ. ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದೆಯೂ ನಾನು ದಿನವೂ ಹೆಗಲು ಮುಟ್ಟಿ ನೋಡಿಕೊಂಡೆ. ಅಪ್ಪ ಹೊಸ ಚೈನು ತಂದು ತಾವೇ ಹಾಕಿದರು. ಮುಂದಿನ ಭಾನುವಾರ ನಾನು ಹಿತ್ತಿಲ ಕಡೆ ಸುಳಿಯದೆ ಒಳಗೆ ಪುಸ್ತಕ ಹಿಡಿದು ಕೂತಿದ್ದೆ. ಇನ್ನೆಂದೂ ಕರೆಯುವುದಿಲ್ಲ ಅಂದುಕೊಂಡಿದ್ದೆ. "ಪುಟ್ಟಿ, ಬಾ ಕೇಳು," ಎಂಬ ಕೂಗು ಎಂದಿನ ಹಾಗೆಯೇ ಬಂತು. ಹೋಗಿ ಕೂತೆ, ಕೇಳಿದೆ, ಕೈ ಎತ್ತಿದೆ, ಅಪ್ಪ ಉತ್ತರ ಕೊಟ್ಟರು. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಿವಿ ಡಾಕ್ಟರ ಹೆಸರನ್ನು ಅಮ್ಮ ಮತ್ತೆ ಎತ್ತಿದಾಗೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು, ಕೊನೆಗೆ ಅವಳೂ ಬಿಟ್ಟಳು.

ಅಪ್ಪ ರಿಟೈರಾದರು, ನಾವು ದುರ್ಗಿಗುಡಿಯ ಬಾಡಿಗೆ ಮನೆಗೆ ಬಂದೆವು, ಕೆಲವು ವರ್ಷಕ್ಕೆ ಕಾರ್ಖಾನೆಯೂ ನಿಂತಿತು. ಒಮ್ಮೆ ಅಪ್ಪನನ್ನು ಕೂರಿಸಿಕೊಂಡು ಕಾಗದನಗರಕ್ಕೆ ಹೋಗಿದ್ದೆ. ನಮ್ಮ ಬಾಗಿಲಿಗೆ ಬೀಗ, ಹಿತ್ತಿಲಲ್ಲಿ ಎದೆಯೆತ್ತರದ ಗಿಡ. ಆ ಹುಳಿ ವಾಸನೆ ಇರಲಿಲ್ಲ. ಯಂತ್ರದ ಸದ್ದೂ ಇರಲಿಲ್ಲ, ಆದರೆ ಅದು ಗೊತ್ತಾದದ್ದು ನನಗೆ ಮಾತ್ರ. ಅಷ್ಟರಲ್ಲಿ ಅಪ್ಪನಿಗೆ ಏನೂ ಕೇಳಿಸುತ್ತಿರಲಿಲ್ಲ.

ಅವರು ಹೋಗುವ ಹಿಂದಿನ ವರ್ಷ, ಒಂದು ಭಾನುವಾರ, ಬಾಡಿಗೆ ಮನೆಯ ಓಣಿಯಲ್ಲಿ ಅದೇ ಮಣೆಯ ಮೇಲೆ ಕೂತು ಅಪ್ಪ ಚೈನು ಒರೆಸುತ್ತಿದ್ದರು. ಅವರ ಬೆನ್ನು ನನ್ನ ಕಡೆಗಿತ್ತು. ಕೇಳಿಸದವರ ಮುಂದೆ ಹೇಳುವುದು ಸುಲಭವೆಂದೋ ಏನೋ, ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು. "ಅಪ್ಪ, ಅವತ್ತು ಸದ್ದಿತ್ತು. ನಂಗೆ ಕೇಳಿಸಿತ್ತು. ನಾನು ಸುಳ್ಳೇ ಕೈ ಎತ್ತಿದೆ. ಅಮ್ಮನ ಕೈ ಮುರಿದಿದ್ದು ನನ್ನಿಂದ. ನಿಮ್ಮ ಕಿವಿ ಹೋಗಿದ್ದೂ ನನ್ನಿಂದಲೇ." ಕಣ್ಣೊರೆಸಿಕೊಂಡು ನೋಡಿದರೆ ಅಪ್ಪ ಯಾವಾಗಲೋ ನನ್ನ ಕಡೆ ತಿರುಗಿದ್ದರು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು.

"ಗೊತ್ತಿತ್ತು ಮಾರಾಯ್ತಿ," ಎಂದರು, ಎಂದಿನ ದೊಡ್ಡ ದನಿಯಲ್ಲೇ. "ಬೆರಳಿಟ್ಟಾಗ್ಲೇ ಗೊತ್ತಾಗಿತ್ತು, ಚೈನು ಹೋಗಿದೆ ಅಂತ. ಹೋಗಿ ಬರೋ ತನಕ ತಡ್ಕೊಳ್ಳುತ್ತೆ ಅಂದ್ಕೊಂಡೆ. ನಂಗೂ ಡಾಕ್ಟ್ರ ಹತ್ರ ಹೋಗ್ಬೇಕು ಅಂತಿತ್ತು ಪುಟ್ಟಿ. ನೀನು ಮರದಿಂದ ಬಿದ್ದು ಕೂಗಿದ್ದು ಕೇಳಿಸ್ಲಿಲ್ಲವಲ್ಲ, ಅವತ್ತಿಂದ ನಿದ್ದೆ ಇರ್ಲಿಲ್ಲ. ನಿಮ್ಮಮ್ಮ ಎಷ್ಟು ಕರೆದ್ರೂ ಹೊರಡೋಕೆ ಹೆದರಿಕೆ. ನೀನೂ ಹೋಗು ಅನ್ಲಿ ಅಂತ ಕಾಯ್ತಿದ್ದೆ. ನೀನು ಕೈ ಎತ್ತಿದೆ."

"ಮತ್ತೆ ಆಮೇಲೆ ಯಾಕೆ ಹೋಗ್ಲಿಲ್ಲ?"

"ಗೊತ್ತಿದ್ದೂ ಗಾಡಿ ಓಡಿಸಿ ನಿಮ್ಮಮ್ಮನ ಕೈ ಮುರಿದೋನು ನಾನು. ಯಾವ ಮುಖ ಇಟ್ಕೊಂಡು ನನ್ನ ಕಿವಿ ರಿಪೇರಿ ಮಾಡ್ಸಿ ಅಂತ ಕೇಳ್ಲಿ?"

ಒಂದೇ ತಪ್ಪನ್ನು ನಾವಿಬ್ಬರೂ ಇಷ್ಟು ವರ್ಷ ಬೇರೆ ಬೇರೆಯಾಗಿ ಹೊತ್ತಿದ್ದೆವು. ಒಂದೇ ಮನೆಯಲ್ಲಿ, ಒಂದೇ ಚಕ್ರದ ಎರಡು ಬದಿಗೆ ಕೂತು. ನನಗೆ ಅಪ್ಪನ ಮೇಲೆ ಕೋಪ ಬಂತು, ನನ್ನ ಮೇಲೂ ಬಂತು, ಆಮೇಲೆ ಬರೀ ಅಳು. ಈಗಲಾದರೂ ಹೋಗೋಣ ಬನ್ನಿ, ಕಿವಿ ಆಸ್ಪತ್ರೆ ಎರಡು ಬೀದಿ ಆಚೆಯೇ ಇದೆ ಎಂದೆ. ಅಪ್ಪ ಗ್ರೀಸಿನ ಬೆರಳಿನಿಂದ ತಮ್ಮ ಎರಡೂ ಕಿವಿ ತೋರಿಸಿ, "ಈಗ ಟೈಟ್ ಮಾಡೋಕೆ ಏನಿದೆ? ಸೆಟ್ಟೇ ಹೋಗಿದೆ," ಎಂದು ನಕ್ಕರು. ನಗುತ್ತಲೇ ಚಕ್ರ ತಿರುಗಿಸಿ ನನ್ನ ಮುಖ ನೋಡಿದರು. ನಾನು ಅಂಗೈ ಎತ್ತಿದೆ.

ಇದೆಲ್ಲ ಮುಗಿಯುವ ಹೊತ್ತಿಗೆ ಸೆಲ್ವರಾಜ್ ಎರಡೂ ಹಲ್ಲುಚಕ್ರ ಬದಲಿಸಿ, ಚೈನಿನ ಲಾಕ್ ಬಿಚ್ಚಿದ್ದರು. ಹಳೆಯ ಚೈನಿನ ತುದಿಗೆ ಹೊಸದರ ತುದಿ ಸಿಕ್ಕಿಸಿ, ಹಳೆಯದನ್ನು ಮೆಲ್ಲಗೆ ಎಳೆದರು. ಅದು ಹೊರಗೆ ಬರುತ್ತ ಬರುತ್ತ ಹೊಸದನ್ನು ತನ್ನ ದಾರಿಯಲ್ಲೇ ಒಳಗೆ ಕರೆದುಕೊಂಡು ಹೋಯಿತು. ಅಪ್ಪ ಮಾಡುತ್ತಿದ್ದದ್ದೂ ಹೀಗೆಯೇ. ಹೊಸ ಲಾಕ್ ಹಾಕಿ, ಕವರ್ ಮುಚ್ಚಿ, ಚಕ್ರವನ್ನು ಜೋರಾಗಿ ತಿರುಗಿಸಿ ಬಿಟ್ಟು, "ಸೌಂಡ್ ಇದೆಯಾ ಹೇಳಿ ಮೇಡಂ!" ಎಂದು ನನ್ನ ಮುಖ ನೋಡಿದರು. ಚಕ್ರವನ್ನಲ್ಲ, ನನ್ನ ಮುಖವನ್ನು. ಆ ನೋಟ ನನಗೆ ಹೊಸದಾಗಿರಲಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಕೈ ತಾನಾಗಿ ಎದೆಯ ಎತ್ತರಕ್ಕೆ ಎದ್ದಿತು.

ಕಣ್ಣು ಬಿಟ್ಟರೆ ಸೆಲ್ವರಾಜರ ಕಪ್ಪು ಅಂಗೈ ಕೂಡ ಎದ್ದಿತ್ತು. ಎತ್ತಿದ ಮೇಲೆ ಅವರೇ ಬೆಚ್ಚಿ ಅದನ್ನು ನೋಡಿಕೊಂಡರು.

"ಕಾಗದನಗರವಾ ಮೇಡಂ?"

ತಲೆಯಾಡಿಸಿದೆ. ದನಿಯಿಲ್ಲದೆ, ತುಟಿ ಮಾತ್ರ ಆಡಿಸಿ, "ಮೆಷಿನ್ ಹೌಸಾ?" ಎಂದು ಕೇಳಿದೆ.

"ಹೌದು ಮೇಡಂ, ನಿಲ್ಲೋ ತನಕ ಅಲ್ಲೇ ಇದ್ದೆ!"

"ಕಿವಿ ತೋರಿಸಿದೀರಾ?" ಎಂದೆ, ಹಾಗೆಯೇ.

ಅವರು ಬಟ್ಟೆ ತೆಗೆದುಕೊಂಡು ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. "ಮಗಳೂ ಅದೇ ಹೇಳ್ತಾಳೆ. ಹೋಗ್ಬೇಕು. ಗ್ಯಾರೇಜ್ ಬಿಟ್ಟು ಹೋಗೋಕೆ ಆಗಲ್ಲ. ಒಬ್ಬನೇ ಹೋಗೋಕೂ ಒಂಥರಾ," ಎಂದರು. ಆ ಮಧ್ಯಾಹ್ನ ಅವರು ಮೆಲ್ಲಗೆ ಆಡಿದ ಮಾತು ಅದೊಂದೇ.

"ಸೋಮವಾರ ಶಾಲೆ ಬಿಟ್ಟ ಮೇಲೆ ಬರ್ತೀನಿ. ರೆಡಿ ಇರಿ. ನಾನೇ ಕರ್ಕೊಂಡು ಹೋಗ್ತೀನಿ."

"ಈ ಗಾಡೀಲಾ?"

"ಚೈನು ನೀವೇ ಹಾಕಿದೀರಲ್ಲ."

ಸೆಲ್ವರಾಜ್ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಜೆರಾಕ್ಸ್ ಅಂಗಡಿಯವನು ಯಂತ್ರ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಸೆಲ್ವರಾಜರ ಅಂಗೈ ನಿಧಾನವಾಗಿ ಮೇಲೆದ್ದಿತು. ನಾನೂ ಎತ್ತಿದೆ. ಹಳೆಯ ಚೈನನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಗಾಡಿ ಸ್ಟಾರ್ಟ್ ಮಾಡಿ, ಮನೆಯವರೆಗೂ ಕಿವಿಗೊಟ್ಟೇ ಬಂದೆ. ಈ ಸಲ ನಿಜವಾಗಿಯೂ ಸದ್ದಿಲ್ಲ, ಅಪ್ಪ.